ಉಜಮಾ: ಒಳ್ಳೆಯ ಉದ್ದೇಶಕ್ಕೂ ಆಡಿಟರ್ ಬೇಕು

ಸಮಾಜವಾದದ ಗುಣ-ದೋಷಗಳನ್ನು ಬರೆಯಿರಿ ಎಂಬ ಪ್ರಶ್ನೆ ಬಂದರೆ ನಾವು ಐದು ಗುಣ, ಐದು ದೋಷ ಬರೆದು ಅಂಕ ಪಡೆಯುತ್ತೇವೆ. ಆದರೆ ಅದನ್ನು ನಿಜವಾಗಿ ಪ್ರಯೋಗಿಸಿದ ತಾಂಜಾನಿಯಾ ದೇಶದ ಇತಿಹಾಸ ಓದಿದರೆ ಉತ್ತರ ಅಷ್ಟು ಸುಲಭವಲ್ಲ ಎಂದು ತಿಳಿಯುತ್ತದೆ.

1961ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದ ತಾಂಗನಿಕಾ, 1964ರಲ್ಲಿ ಜಂಜಿಬಾರ್ ಜೊತೆ ಸೇರಿ ತಾಂಜಾನಿಯಾ ಆಯಿತು. ಅದರ ನಾಯಕ ಜೂಲಿಯಸ್ ನೈರೇರೆ ಮೊದಲು ಶಾಲಾ ಶಿಕ್ಷಕರಾಗಿದ್ದರು. ಜನ ಅವರನ್ನು 'ಮ್ವಾಲಿಮು' ಎಂದು ಕರೆಯುತ್ತಿದ್ದರು. ಉರ್ದು ಬಲ್ಲವರಿಗೆ ಇದು 'ಮುಅಲ್ಲಿಮ್' ಎಂದು ತಕ್ಷಣ ಹೊಳೆಯುತ್ತದೆ. ಅವರ ಸಮಾಜವಾದದ ಹೆಸರು 'ಉಜಮಾ'. ನಮ್ಮ 'ಜಮಾತ್' ಮತ್ತು ಈ ಪದದ ಮೂಲ ಒಂದೇ, ಅರಬ್ಬಿ. ಎಲ್ಲರೂ ಒಂದೇ ಕುಟುಂಬದಂತೆ ದುಡಿದು ಹಂಚಿಕೊಂಡು ಬದುಕುವುದು ಎಂದು ಅದರ ಅರ್ಥ.

1967ರ ಫೆಬ್ರವರಿಯಲ್ಲಿ ಅರುಶಾ ಘೋಷಣೆ ಹೊರಬಂತು. ಕೂಡಲೇ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನಮ್ಮಲ್ಲಿ ಕೆನರಾ, ಸಿಂಡಿಕೇಟ್ ಸೇರಿದಂತೆ 14 ಬ್ಯಾಂಕುಗಳು ಸರ್ಕಾರದ ವಶವಾದದ್ದು ಇದಾದ ಎರಡು ವರ್ಷಕ್ಕೆ, 1969ರಲ್ಲಿ. ಆ ಘೋಷಣೆಯಲ್ಲಿ ನನಗೆ ಬಹಳ ಹಿಡಿಸಿದ್ದು ನಾಯಕರಿಗೆ ಹಾಕಿದ ನಿಯಮ: ಅವರು ಕಂಪನಿ ಷೇರು ಇಟ್ಟುಕೊಳ್ಳಬಾರದು, ಎರಡು ಸಂಬಳ ಪಡೆಯಬಾರದು, ಮನೆ ಬಾಡಿಗೆಗೆ ಕೊಡಬಾರದು.

ಲಾಭವೂ ಕಡಿಮೆಯೇನಲ್ಲ. ಹಳ್ಳಿಗಳಿಗೆ ಶಾಲೆ, ದವಾಖಾನೆ ಬಂದವು. ದೊಡ್ಡವರೂ ಅಕ್ಷರ ಕಲಿತರು. ನೂರಕ್ಕೂ ಹೆಚ್ಚು ಬುಡಕಟ್ಟುಗಳ ದೇಶವನ್ನು ಸ್ವಾಹಿಲಿ ಭಾಷೆ ಒಟ್ಟಿಗೆ ಹಿಡಿದಿಟ್ಟಿತು.

ನಷ್ಟ ಶುರುವಾದದ್ದು ಒತ್ತಾಯದಿಂದ. ಉಜಮಾ ಹಳ್ಳಿಗೆ ಮನಸ್ಸಿದ್ದವರು ಬರಲಿ ಎಂದು ಮೊದಲು ಹೇಳಿದ್ದ ಸರ್ಕಾರ, 1973ರಲ್ಲಿ ಎಲ್ಲರೂ ಬರಲೇಬೇಕು ಎಂದಿತು. ಲಕ್ಷಾಂತರ ಕುಟುಂಬಗಳನ್ನು ಸಾಗಿಸಲಾಯಿತು. ಕೆಲವೆಡೆ ಹಳೆಯ ಮನೆಗಳನ್ನೇ ಕೆಡವಿದರು. ಎಷ್ಟೋ ರೈತರಿಗೆ ಹೊಲ ದೂರವಾಯಿತು. ಬರಗಾಲವೂ ಸೇರಿ ಆಹಾರ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು.

ಸ್ವಂತ ಲಾಭವಿಲ್ಲದಿದ್ದರೆ ಮನುಷ್ಯ ದುಡಿಯುವುದಿಲ್ಲ, ಅದಕ್ಕೇ ಸೋತಿತು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ದಕ್ಷಿಣದ ರುವುಮಾ ಪ್ರದೇಶದಲ್ಲಿ ರೈತರು ತಾವಾಗಿಯೇ ಸೇರಿ ಇಂಥ ಹಳ್ಳಿಗಳನ್ನು ಕಟ್ಟಿಕೊಂಡಿದ್ದರು, ಸಭೆ ಸೇರಿ ತಾವೇ ತೀರ್ಮಾನ ಮಾಡುತ್ತಿದ್ದರು. ಅವರ ಸಂಘವನ್ನು 1969ರಲ್ಲಿ ಮುಚ್ಚಿಸಿದ್ದು ಬಂಡವಾಳಗಾರರಲ್ಲ, ಆಳುವ ಪಕ್ಷವೇ! ತನ್ನ ಹತೋಟಿಯಲ್ಲಿಲ್ಲದ ಸಂಘ ಆ ಪಕ್ಷಕ್ಕೆ ಬೇಕಿರಲಿಲ್ಲ.

ನನ್ನ ಪ್ರಕಾರ ರೋಗ ಇರುವುದು ಇಲ್ಲಿಯೇ. 1965ರಿಂದ ಆ ದೇಶದಲ್ಲಿ ಕಾನೂನಿನಂತೆ ಒಂದೇ ಪಕ್ಷ. "ಮ್ವಾಲಿಮು, ಇದು ತಪ್ಪು" ಎಂದು ಎದ್ದು ಹೇಳಲು ವಿರೋಧ ಪಕ್ಷವೇ ಇರಲಿಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಮಾಲೀಕ ಎಷ್ಟೇ ಪ್ರಾಮಾಣಿಕನಾದರೂ ಆಡಿಟರ್ ಇಲ್ಲದ ಕಂಪನಿಯಲ್ಲಿ ತಪ್ಪು ಗೊತ್ತಾಗುವುದು ನಷ್ಟವಾದ ಮೇಲೆ. ನೈರೇರೆ 1985ರಲ್ಲಿ ತಾವಾಗಿಯೇ ಅಧ್ಯಕ್ಷ ಪದವಿ ಬಿಟ್ಟರು. ಅದು ದೊಡ್ಡತನ. ಆದರೆ ಜನರಿಗೆ ಅವರನ್ನು ಇಳಿಸುವ ಹಕ್ಕೂ ಇರಬೇಕಿತ್ತು.

ಹಂಚಿಕೊಂಡು ಬದುಕುವುದು ತಪ್ಪಲ್ಲ. ಆದರೆ ಮಸೀದಿ ಕಮಿಟಿಯಾಗಲಿ, ಹಾಲಿನ ಸಹಕಾರ ಸಂಘವಾಗಲಿ, ನಮ್ಮ ವಿದ್ಯಾರ್ಥಿ ಸಂಘವಾಗಲಿ, ಲೆಕ್ಕ ಕೇಳುವವನನ್ನು ಶತ್ರು ಎಂದು ನೋಡಬಾರದು. ಜಮಾತ್ ಉಳಿಯುವುದು ಅವನಿಂದಲೇ.