ಶ್ರುತಿಗೆ ಮೊದಲು ಲೆಕ್ಕ

ವೈದ್ಯಕೀಯ ಸಂಶೋಧನೆಗೆ ಕೊಡುವ ಹಣ ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ಅದಕ್ಕಾಗಿ ಸಂಗೀತ ಸಭೆ ಏರ್ಪಡಿಸುವ ಸಮಾಜದ ಸಂಘಗಳು 1971ರ ಪಾಠವೊಂದನ್ನು ಮರೆಯಬಾರದು. ಪಂಡಿತ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಆ ವರ್ಷದ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ನಡೆಸಿದ ಕಛೇರಿಯ ಟಿಕೆಟ್ ಹಣ ಯುನಿಸೆಫ್‌ಗೆ ಬೇಗನೆ ತಲುಪಿತು. ಆದರೆ ತೆರಿಗೆ ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸದಿದ್ದುದರಿಂದ ಧ್ವನಿಮುದ್ರಿಕೆ, ಚಲನಚಿತ್ರಗಳ ಆದಾಯ ವರ್ಷಗಟ್ಟಲೆ ತಡೆಹಿಡಿಯಲ್ಪಟ್ಟಿತು. ಹಸಿದವರು ಅಷ್ಟು ಕಾಲ ಕಾಯಲಾರರು, ರೋಗಿಗಳೂ ಕಾಯಲಾರರು.

ಆದ್ದರಿಂದ ಕಲಾವಿದರನ್ನು ಗೊತ್ತುಮಾಡುವ ಮೊದಲೇ ಹಣ ಪಡೆಯುವ ಸಂಶೋಧನಾ ಸಂಸ್ಥೆ, ಅದರ ವಿನಾಯಿತಿ ನೋಂದಣಿ, ಪ್ರತ್ಯೇಕ ಬ್ಯಾಂಕ್ ಖಾತೆ, ಖರ್ಚಿನ ಮಿತಿ ಇವೆಲ್ಲ ನಿಶ್ಚಿತವಾಗಲಿ. ಶಾಲು, ಹಾರ, ಸ್ಮರಣಿಕೆಗಳಿಗೆ ದಾನದ ಹಣ ಸೋರದಿರಲಿ. ಪರಿಶೋಧಿತ ಲೆಕ್ಕಪತ್ರವನ್ನು ಬಸದಿಯ ಸೂಚನಾಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಅಚೌರ್ಯವ್ರತ ಸಂಘಟಕರಿಂದ ಬೇಡುವುದು ಇಷ್ಟನ್ನೇ.