ನೀರಿನೊಳಗಣ ಕಂಬಗಳು

2024ನೆಯ ಇಸವಿ ಆಗಸ್ಟ್ 7ನೆಯ ತಾರೀಖು, ನಡುರಾತ್ರಿ ಕಳೆದ ಮೇಲೆ, ಕಾರವಾರವನ್ನು ಸದಾಶಿವಗಡದೊಡನೆ ಸೇರಿಸುತ್ತಿದ್ದ ಕಾಳೀ ನದಿಯ ಹಳೆಯ ಸೇತುವೆ ಕುಸಿದು ಬಿದ್ದಿತು. ಅದರ ವಯಸ್ಸು ಆಗ 41 ವರ್ಷ ಮಾತ್ರ. ಒಂದು ಲಾರಿ ನದಿಯ ಪಾಲಾಯಿತು. ಅದರ ಚಾಲಕನನ್ನು ಮೀನುಗಾರರೂ ಪೋಲೀಸಿನವರೂ ಆ ಕತ್ತಲೆಯಲ್ಲಿಯೇ ಬದುಕಿಸಿ ದಡಕ್ಕೆ ತಂದರು. ಹೆದ್ದಾರಿಯ ಆಡಳಿತದವರ ಮೇಲೆಯೂ ಗುತ್ತಿಗೆದಾರರ ಮೇಲೆಯೂ ಮೊಕದ್ದಮೆ ದಾಖಲಾಯಿತು. ಜೀವಹಾನಿಯಾಗದಿದ್ದುದು ದೈವಕೃಪೆಯೆಂದು ಎಲ್ಲರೂ ಹೇಳಿದರು, ನಾವೂ ಹೇಳಿದೆವು. ಆದರೆ ಯಾರೂ ಸಾಯಲಿಲ್ಲವೆಂಬ ಕಾರಣದಿಂದಲೇ ಆ ಅಪಘಾತವು ಬೇಗನೆ ಮರೆತುಹೋಯಿತೆಂಬುದನ್ನೂ ಹೇಳದೆ ವಿಧಿಯಿಲ್ಲ.

ಮರುವರ್ಷ, 2025ನೆಯ ಜುಲೈ 9ರಂದು, ಗುಜರಾತಿನಲ್ಲಿ ಮಹೀ ನದಿಯ ಗಂಭೀರಾ ಸೇತುವೆಯು ಹಾಡುಹಗಲಿನಲ್ಲಿ ಮುರಿದು ಸುಮಾರು 20 ಜನರು ಮೃತರಾದರು. ಅದಕ್ಕೂ ನಲವತ್ತರ ವಯಸ್ಸೇ. ಕಂಬದ ತಲೆಯ ಮೇಲೆ ಸೇತುವೆಯ ಭಾರವನ್ನು ಹೊರುವ ಪೀಠವು ನಜ್ಜುಗುಜ್ಜಾದುದೇ ಕಾರಣವೆಂದು ಅಲ್ಲಿಯ ಮಂತ್ರಿಗಳೇ ಪ್ರಥಮ ವಿಚಾರಣೆಯ ಮೇರೆಗೆ ತಿಳಿಸಿದರು.

ಸೇತುವೆಯನ್ನು ನೋಡುವಾಗ ನಾವೆಲ್ಲರೂ ಮೇಲಿನ ರಸ್ತೆಯನ್ನು ನೋಡುತ್ತೇವೆ. ಗುಂಡಿ ಬಿದ್ದರೆ ಅರ್ಜಿ ಬರೆಯುತ್ತೇವೆ. ಕಟಕಟೆ ಮುರಿದರೆ ಪತ್ರಿಕೆಗಳಿಗೆ ದೂರುತ್ತೇವೆ. ಆದರೆ ರೋಗವು ಹಲವು ವೇಳೆ ಮೇಲಿರುವುದಿಲ್ಲ. ಕಂಬವು ಹರಿವಿಗೆ ಅಡ್ಡ ನಿಂತೊಡನೆ ನೀರು ಅದರ ಮುಖಕ್ಕೆ ಬಡಿದು, ಕೆಳಕ್ಕೆ ಇಳಿದು, ಬುಡದಲ್ಲಿ ಸುಳಿಯಾಗಿ ತಿರುಗಿ ಮರಳನ್ನು ಕೊರೆಯುತ್ತದೆ. ಮಹಾಪೂರದಲ್ಲಿ ಆ ಕೊರೆತವು ಅತ್ಯಂತ ಆಳವಾಗಿರುತ್ತದೆ. ನೆರೆ ಇಳಿಯುತ್ತಲೇ ಹೊಸ ಮರಳು ಬಂದು ಹಳ್ಳವನ್ನು ಮುಚ್ಚುತ್ತದೆ. ಬೇಸಗೆಯಲ್ಲಿ ತನಿಖೆಗೆ ಬಂದ ಅಧಿಕಾರಿಗೆ ಎಲ್ಲವೂ ಸಮವಾಗಿ, ಸುಭದ್ರವಾಗಿ ಕಾಣಿಸುತ್ತದೆ. ಆದರೆ ಸಡಿಲವಾಗಿ ತುಂಬಿದ ಆ ಮರಳಿಗೆ ಮುಂದಿನ ಪೂರವನ್ನು ತಡೆಯುವ ಬಲವಿರುವುದಿಲ್ಲ.

ಕರಾವಳಿಯಲ್ಲಿ ಇದರ ಮೇಲೆ ಉಪ್ಪಿನ ಕಾಟವೂ ಸೇರುತ್ತದೆ. ಉಬ್ಬರವಿಳಿತಕ್ಕೆ ಸಿಕ್ಕಿ ದಿನಕ್ಕೆರಡು ಸಲ ನೆನೆದು ಒಣಗುವ ಭಾಗದಲ್ಲಿ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣವು ಉಬ್ಬಿ, ತನ್ನನ್ನು ಕಾಪಾಡುತ್ತಿದ್ದ ಕಾಂಕ್ರೀಟನ್ನೇ ಒಳಗಿನಿಂದ ಸೀಳುತ್ತದೆ. ಹಡಗು ದೋಣಿಗಳಿಗಾಗಿ ಕಡಲೊಳಕ್ಕೆ ಚಾಚಿದ ಕಟ್ಟಡಗಳಿಗೂ, ನಮ್ಮ ಮಂಗಳೂರಿನವರು ಧಕ್ಕೆಯೆಂದು ಕರೆಯುವ ಮೀನುಬಂದರಿನ ಕಟ್ಟೆಗಳಿಗೂ ಇದೇ ಗತಿ. ಪುದುಚೇರಿಯ ಹಳೆಯ ಕಡಲುಸೇತುವೆಯ ಒಂದು ಭಾಗವು 2022ನೆಯ ಮಾರ್ಚಿನಲ್ಲಿ ಸಮುದ್ರಕ್ಕೆ ಬಿದ್ದಿತು.

ಇಲ್ಲಿ ಕೆಲವರು ಶ್ರೀರಂಗಪಟ್ಟಣವನ್ನು ತೋರಿಸಬಹುದು. ಪೂರ್ಣಯ್ಯನವರ ದಿವಾನಗಿರಿಯಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿಸಿದ ಕಲ್ಲುಸೇತುವೆ ಎಷ್ಟೋ ಪೂರಗಳನ್ನು ಕಂಡು ಇಂದಿಗೂ ನಿಂತಿದೆಯಲ್ಲವೆ? ನಿಂತಿದೆ, ನಮಗೆ ಅಭಿಮಾನವೂ ಉಂಟು. ಕಲ್ಲಿಗೆ ತುಕ್ಕಿಲ್ಲ. ಆದರೆ ಬುಡ ಕೊರೆಯುವ ನದಿಗೆ ಕಲ್ಲೂ ಒಂದೇ, ಕಾಂಕ್ರೀಟೂ ಒಂದೇ. ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗವನ್ನು 2018ರ ಆಗಸ್ಟಿನಲ್ಲಿ ಅದೇ ಕಾವೇರಿಯು ಕೊಚ್ಚಿಕೊಂಡು ಹೋಯಿತು. ಮಹಾಡದಲ್ಲಿ ಸಾವಿತ್ರೀ ನದಿಯ ಹಳೆಯ ಕಮಾನುಸೇತುವೆ 2016ರ ಆಗಸ್ಟ್ 2ರ ರಾತ್ರಿ ಬಸ್ಸುಗಳ ಸಮೇತ ಹೋಯಿತು. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಟೊಳ್ಳು ಎಂಬ ಹರಟೆಯಿಂದ ಯಾವ ಕಂಬಕ್ಕೂ ಬಲ ಬರುವುದಿಲ್ಲ.

ನದಿಯು ಕೊರೆಯುವುದು ಸ್ವಭಾವ; ಮನುಷ್ಯನು ಕೊರೆಯುವುದಕ್ಕೆ ಏನೆನ್ನೋಣ? ಬಂಟ್ವಾಳ ತಾಲೂಕಿನಲ್ಲಿ ಫಲ್ಗುಣಿ ನದಿಯ ಮೂಲರಪಟ್ಣದ ಸೇತುವೆ 2018ನೆಯ ಜೂನ್ 25ರಂದು ಕುಸಿದಾಗ, ಮರಳೆತ್ತುವುದೇ ಇದಕ್ಕೆ ಕಾರಣವೆಂದು ಊರವರು ದೂರಿದರು. ಸೇತುವೆಯ ಸಮೀಪದಲ್ಲಿ ಮರಳು ತೆಗೆಯಕೂಡದೆಂಬ ನಿಯಮವಿದೆ. ಆದರೆ ರಾತ್ರಿಯ ದೋಣಿಗಳು ಆ ನಿಯಮವನ್ನು ಓದುವುದಿಲ್ಲ, ಓದಿಸಬೇಕಾದವರು ನಿದ್ರಿಸುತ್ತಾರೆ.

ಇನ್ನು ಯಜಮಾನಿಕೆಯ ಪ್ರಶ್ನೆ. ಒಂದೇ ನದಿಯ ಮೇಲೆ ಒಂದು ಸೇತುವೆ ಹೆದ್ದಾರಿಯವರದು, ಮತ್ತೊಂದು ಲೋಕೋಪಯೋಗಿ ಇಲಾಖೆಯದು, ಮೂರನೆಯದು ಪಂಚಾಯತಿಯದು. ಮರಳು ಗಣಿ ಇಲಾಖೆಗೆ ಸೇರಿದ್ದು. ಕಂಬ ಕುಸಿದ ಮಾರನೆಯ ದಿನ ಇವರು ಒಬ್ಬರನ್ನೊಬ್ಬರು ತೋರಿಸುವುದನ್ನು ಮಹಾಜನರು ಬೇಕಾದಷ್ಟು ನೋಡಿದ್ದಾರೆ. ತನಿಖೆಯ ಕ್ರಮವನ್ನು ವಿವರಿಸುವ ಕೈಪಿಡಿಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಎಂದೋ ಪ್ರಕಟಿಸಿದ್ದಾರೆ; ವಿದ್ಯೆಗೆ ಕೊರತೆಯಿಲ್ಲ.

ನಾವು ಸರ್ಕಾರದವರನ್ನು ಕೇಳುವುದಿಷ್ಟೆ. ಕಾಳಿಯಿಂದ ನೇತ್ರಾವತಿಯವರೆಗೆ ಉಪ್ಪುನೀರು ಮುಟ್ಟುವ ಪ್ರತಿಯೊಂದು ಸೇತುವೆಯ ಕಂಬವನ್ನೂ ಪ್ರತಿ ಮಳೆಗಾಲ ಮುಗಿದೊಡನೆ ಮುಳುಗುಗಾರರಿಂದ ನೋಡಿಸಬೇಕು. ಪೂರವಿರುವಾಗಲೇ ಬುಡದ ಆಳವನ್ನು ಅಳೆಯುವ ಏರ್ಪಾಡಾಗಬೇಕು. ತನಿಖೆಯ ತಾರೀಖನ್ನೂ, ಅಳತೆಯನ್ನೂ, ರುಜು ಹಾಕಿದ ಇಂಜಿನಿಯರವರ ಹುದ್ದೆಯನ್ನೂ ಸೇತುವೆಯ ತಲೆಯಲ್ಲಿ ಕನ್ನಡದಲ್ಲಿ ಬರೆಯಿಸಿ ಹಾಕಬೇಕು. ಉದ್ಘಾಟನೆ ಮಾಡಿದವರ ಹೆಸರಿಗೆ ಅಲ್ಲಿ ಅಮೃತಶಿಲೆಯ ಸ್ಥಳ ಈಗಾಗಲೇ ದೊರೆತಿದೆ. ಇದಕ್ಕೆ ಒಂದು ತಗಡಿನ ಹಲಗೆ ಸಾಕು. ಮುಂದಿನ ಮುಂಗಾರಿನೊಳಗೆ ಮೊದಲ ಹಲಗೆಯನ್ನು ಕಾರವಾರದಲ್ಲಿಯೇ ನಿಲ್ಲಿಸಲಿ.