ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್: ನಷ್ಟದ ಬಾಬ್ತೋ, ಬೆಲೆ ಕಟ್ಟದ ಫಸಲೋ?

ಅಮೆರಿಕಾದ ಕಾಲೇಜುಗಳಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ನಡೆಸುವುದೆಂದರೆ ಕೈಯಿಂದ ಹಣ ಹಾಕುವ ಕೆಲಸ ಎಂಬ ಮಾತು ದಶಕಗಳಿಂದ ಕೇಳಿಬರುತ್ತಿದೆ. ಲೆಕ್ಕಪುಸ್ತಕವೂ ಅದನ್ನೇ ಹೇಳುತ್ತದೆ. ಬಹುಪಾಲು ತಂಡಗಳ ಖರ್ಚು ಆದಾಯಕ್ಕಿಂತ ಹೆಚ್ಚು. ಆದರೆ 2024ರ ಏಪ್ರಿಲ್ 7ರಂದು ಸೌತ್ ಕ್ಯಾರೊಲಿನಾ ಮತ್ತು ಅಯೋವಾ ವಿಶ್ವವಿದ್ಯಾಲಯಗಳ ಹುಡುಗಿಯರ ನಡುವೆ ನಡೆದ ರಾಷ್ಟ್ರಮಟ್ಟದ ಫೈನಲ್ ಪಂದ್ಯವನ್ನು ಟಿ.ವಿ.ಯಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು. ಮರುದಿನದ ಹುಡುಗರ ಫೈನಲ್‌ಗೆ ಸಿಕ್ಕಿದ್ದು 1.48 ಕೋಟಿ ವೀಕ್ಷಕರು. ಹುಡುಗಿಯರ ಫೈನಲ್ ಹುಡುಗರದ್ದನ್ನು ಹಿಂದೆ ಹಾಕಿದ್ದು ಅದೇ ಮೊದಲು.

ಇಷ್ಟು ಜನ ಕಾದು ಕುಳಿತು ನೋಡುವ ಆಟ ನಷ್ಟದ ಬಾಬ್ತು ಆದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಆಟದ ಅಂಗಳದಲ್ಲಿ ಇಲ್ಲ, ಲೆಕ್ಕ ಬರೆದ ರೀತಿಯಲ್ಲಿದೆ.

ಖರ್ಚಿಗೆ ಕಾನೂನು, ಆದಾಯಕ್ಕೆ ಕಾನೂನಿಲ್ಲ

ನಮ್ಮಲ್ಲಿಯ ಅಂತರ ಕಾಲೇಜು ಕ್ರೀಡಾಕೂಟವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿಯ ವ್ಯವಹಾರ ಅರ್ಥವಾಗುವುದಿಲ್ಲ. ಅಲ್ಲಿ ಆಟಗಾರ್ತಿಗೆ ಫೀಸು, ಊಟ, ವಸತಿ ಸೇರಿದ ವಿದ್ಯಾರ್ಥಿವೇತನ ಉಂಟು. ತಂಡಕ್ಕೆ ತರಬೇತುದಾರರು, ವೈದ್ಯರು, ವಿಮಾನ ಪ್ರಯಾಣ ಎಲ್ಲವೂ ಉಂಟು. ಇದನ್ನೆಲ್ಲ ನಿಯಂತ್ರಿಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳು ಹುಡುಗಿಯರ ತಂಡ ಹೊಂದಿವೆ.

ಈ ತಂಡಗಳು ಬೆಳೆದದ್ದು 1972ರ ಕಾನೂನಿನಿಂದ. ಟೈಟಲ್ ನೈನ್ ಎಂದು ಕರೆಯುವ ಈ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗದ ಕಾರಣಕ್ಕೆ ಭೇದ ಮಾಡುವಂತಿಲ್ಲ. ಇದರಿಂದ ಆಡುವ ಅವಕಾಶ, ವಿದ್ಯಾರ್ಥಿವೇತನ, ಸೌಲಭ್ಯಗಳಲ್ಲಿ ಹುಡುಗಿಯರಿಗೆ ಪಾಲು ಸಿಕ್ಕಿತು. ಎನ್‌ಸಿಎಎ 1982ರಲ್ಲಿ ಮೊದಲ ಬಾರಿಗೆ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸಿತು.

ಇಲ್ಲೊಂದು ಸೂಕ್ಷ್ಮವಿದೆ. ಹುಡುಗಿಯರಿಗಾಗಿ ಕಾಲೇಜುಗಳು ಕೈ ಬಿಚ್ಚುವಂತೆ ಮಾಡಿದ್ದು ಕಾನೂನು. ಅವರ ಆಟವನ್ನು ಒಳ್ಳೆಯ ಬೆಲೆಗೆ ಮಾರಲೇಬೇಕು ಎಂದು ಅದು ಎಲ್ಲಿಯೂ ಹೇಳಲಿಲ್ಲ. ಖರ್ಚಿನ ಕಡೆ ಒತ್ತಡವಿತ್ತು, ಆದಾಯದ ಕಡೆ ಯಾರೂ ತಲೆ ಹಾಕಲಿಲ್ಲ. ಹೀಗೆ ಬರೆದ ಲೆಕ್ಕದಲ್ಲಿ ನಷ್ಟ ಬಾರದೆ ಇನ್ನೇನು ಬಂದೀತು?

ತೋಪಿನ ಒಟ್ಟು ಗುತ್ತಿಗೆ

ಮಾವಿನ ತೋಪನ್ನು ಒಟ್ಟಾಗಿ ಗುತ್ತಿಗೆ ಕೊಡುವ ಪದ್ಧತಿ ನಮ್ಮ ರೈತರಿಗೆ ಗೊತ್ತಿದ್ದದ್ದೇ. ತೋಪಿಗೆ ಇಷ್ಟು ಎಂದು ಬೆಲೆ ನಿಗದಿಯಾದ ಮೇಲೆ ಯಾವ ಮರದ ಹಣ್ಣು ಎಷ್ಟು ಬಾಳಿತು ಎಂಬುದು ಗುತ್ತಿಗೆದಾರನಿಗೆ ಮಾತ್ರ ಗೊತ್ತು. ಎನ್‌ಸಿಎಎ ಮಾಡಿದ್ದೂ ಇದನ್ನೇ. ಹುಡುಗರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಪ್ರತ್ಯೇಕವಾಗಿ ಸಿಬಿಎಸ್ ಮತ್ತು ಟರ್ನರ್ ಸಂಸ್ಥೆಗಳಿಗೆ ಮಾರಿತು. 2010ರ ಆ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರ್. ಹುಡುಗಿಯರ ಪಂದ್ಯಾವಳಿಯನ್ನು ಮಾತ್ರ ಬೇರೆ ಹಲವಾರು ಆಟಗಳ ಜೊತೆ ಸೇರಿಸಿ ಇಎಸ್‌ಪಿಎನ್ ವಾಹಿನಿಗೆ ಒಂದೇ ಗಂಟಿನಲ್ಲಿ ಕೊಟ್ಟಿತು. ಆ ಇಡೀ ಗಂಟಿಗೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್.

2021ರಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ ಹುಡುಗಿಯರ ಪಂದ್ಯಾವಳಿ ನಡೆಯುತ್ತಿದ್ದಾಗ ಒರೆಗಾನ್ ತಂಡದ ಆಟಗಾರ್ತಿ ಸೆಡೋನಾ ಪ್ರಿನ್ಸ್ ಒಂದು ವಿಡಿಯೋ ಹೊರಬಿಟ್ಟರು. ಹುಡುಗರಿಗೆ ದೊಡ್ಡ ವ್ಯಾಯಾಮಶಾಲೆ, ಹುಡುಗಿಯರಿಗೆ ಡಂಬೆಲ್ಸ್‌ನ ಒಂದು ಸಣ್ಣ ಸ್ಟ್ಯಾಂಡ್. ದೇಶವೆಲ್ಲ ಗದ್ದಲವಾಯಿತು. ಆಗ ಹೊರಬಿದ್ದ ಲೆಕ್ಕದ ಪ್ರಕಾರ 2019ರಲ್ಲಿ ಎನ್‌ಸಿಎಎ ಹುಡುಗರ ಪಂದ್ಯಾವಳಿಗೆ ಸುಮಾರು 2.8 ಕೋಟಿ ಡಾಲರ್, ಹುಡುಗಿಯರದ್ದಕ್ಕೆ ಸುಮಾರು 1.45 ಕೋಟಿ ಡಾಲರ್ ಖರ್ಚು ಮಾಡಿತ್ತು. ಹುಡುಗರಿಂದ 86 ಕೋಟಿ ಡಾಲರಿಗೂ ಹೆಚ್ಚು ಲಾಭ, ಹುಡುಗಿಯರಿಂದ 28 ಲಕ್ಷ ಡಾಲರ್ ನಷ್ಟ ಎಂದು ಸಂಸ್ಥೆ ಹೇಳಿತು.

ವಿಚಾರಣೆಗೆ ನೇಮಕಗೊಂಡ ಕಾನೂನು ಸಂಸ್ಥೆ ಅದೇ ವರ್ಷ ಆಗಸ್ಟ್‌ನಲ್ಲಿ ಕೊಟ್ಟ ವರದಿ ಈ ನಷ್ಟದ ಮಾತನ್ನೇ ಪ್ರಶ್ನಿಸಿತು. ಹುಡುಗಿಯರ ಪಂದ್ಯಾವಳಿಯನ್ನು ಪ್ರತ್ಯೇಕವಾಗಿ ಮಾರಿದರೆ 2025ರ ಹೊತ್ತಿಗೆ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬೆಲೆ ಬಾಳಬಹುದು ಎಂಬುದು ಅದರಲ್ಲಿದ್ದ ಅಂದಾಜು. ‘ಮಾರ್ಚ್ ಮ್ಯಾಡ್ನೆಸ್’ ಎಂಬ ಪ್ರಸಿದ್ಧ ಹೆಸರನ್ನು ಕೂಡ 2022ರವರೆಗೆ ಹುಡುಗಿಯರ ಪಂದ್ಯಾವಳಿಗೆ ಬಳಸುತ್ತಿರಲಿಲ್ಲ ಎಂಬುದು ಗಮನಾರ್ಹ.

ಗೆದ್ದರೂ ಕಾಸಿಲ್ಲ

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಹುಡುಗರ ಪಂದ್ಯಾವಳಿಯಲ್ಲಿ 1991ರಿಂದ ‘ಯೂನಿಟ್’ ಎಂಬ ಪದ್ಧತಿ ಇದೆ. ತಂಡ ಪಂದ್ಯಾವಳಿಗೆ ಆಯ್ಕೆಯಾಗಿ ಮುಂದೆ ಮುಂದೆ ಹೋದಂತೆ, ಕಾನ್ಫರೆನ್ಸ್ ಎಂದು ಕರೆಯುವ ಅದರ ಕಾಲೇಜು ಒಕ್ಕೂಟಕ್ಕೆ ಯೂನಿಟ್‌ಗಳು ಸೇರುತ್ತವೆ. ಈಚಿನ ವರ್ಷಗಳಲ್ಲಿ ಒಂದು ಯೂನಿಟ್ ಎಂದರೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್.

ಹುಡುಗಿಯರಿಗೆ ಈ ಪದ್ಧತಿಯೇ ಇರಲಿಲ್ಲ. ಸೌತ್ ಕ್ಯಾರೊಲಿನಾ ಹುಡುಗಿಯರು 2023-24ರಲ್ಲಿ ಆಡಿದ 38 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆದರು. ಅವರ ಒಕ್ಕೂಟಕ್ಕೆ ಬಂದ ಯೂನಿಟ್ ಹಣ ಸೊನ್ನೆ. ಗೆದ್ದಷ್ಟೂ ಪ್ರಯಾಣದ ಖರ್ಚು, ತರಬೇತುದಾರರ ಬೋನಸ್ ಏರುತ್ತದೆ, ಆದಾಯದ ಕಾಲಂ ಖಾಲಿ ಉಳಿಯುತ್ತದೆ. ಇಂಥ ಲೆಕ್ಕ ನೋಡುವ ಆಡಳಿತಗಾರ ಹುಡುಗಿಯರ ತಂಡಕ್ಕೆ ಹಣ ಹೂಡಲು ಹಿಂದೇಟು ಹಾಕಿದರೆ ಆಶ್ಚರ್ಯವಿಲ್ಲ.

2024ರ ನಂತರ ಬದಲಾವಣೆ ಬಂದಿದೆ. ಆ ವರ್ಷ ಜನವರಿಯಲ್ಲಿ ಇಎಸ್‌ಪಿಎನ್ ಜೊತೆ ಎಂಟು ವರ್ಷಕ್ಕೆ 92 ಕೋಟಿ ಡಾಲರ್‌ನ ಹೊಸ ಒಪ್ಪಂದವಾಯಿತು. 40 ಚಾಂಪಿಯನ್‌ಷಿಪ್‌ಗಳ ಈ ಗಂಟಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಪಾಲು ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್ ಎಂದು ಎನ್‌ಸಿಎಎಯೇ ಲೆಕ್ಕ ಹಾಕಿದೆ. ಅಂದರೆ ಹಿಂದಿನ ಗಂಟಿಗೆಲ್ಲ ಸೇರಿ ಬರುತ್ತಿದ್ದದ್ದರ ಸುಮಾರು ಎರಡರಷ್ಟು ಈಗ ಈ ಒಂದೇ ಆಟದ ಬೆಲೆ. 2025ರ ಜನವರಿಯಲ್ಲಿ ಒಂದೂ ವಿರೋಧ ಮತವಿಲ್ಲದೆ ಹುಡುಗಿಯರಿಗೂ ಯೂನಿಟ್ ಪದ್ಧತಿ ಒಪ್ಪಿಗೆಯಾಯಿತು. ಮೊದಲ ವರ್ಷದ ನಿಧಿ 1.5 ಕೋಟಿ ಡಾಲರ್, ಮೂರನೆಯ ವರ್ಷಕ್ಕೆ 2.5 ಕೋಟಿ. 2025ರಲ್ಲಿ ಒಂದು ಯೂನಿಟ್‌ನ ಬೆಲೆ ಸುಮಾರು 1.13 ಲಕ್ಷ ಡಾಲರ್. ಹುಡುಗರದ್ದರ ಮುಂದೆ ಇದು ಸಣ್ಣ ಮೊತ್ತವೇ. ಆದರೂ ಖಾಲಿ ಕಾಲಂನಲ್ಲಿ ಮೊದಲ ಅಂಕಿ ಬಿತ್ತು.

ನಾಣ್ಯದ ಇನ್ನೊಂದು ಮುಖ

ಹಾಗೆಂದು ನಷ್ಟವೆಲ್ಲ ಬರೀ ಕಾಗದದ ಮೇಲಿನದ್ದು ಎನ್ನುವುದೂ ಸರಿಯಲ್ಲ. 2024ರ ದಾಖಲೆಗೆ ಅಯೋವಾದ ಕೈಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಆಟಗಾರ್ತಿಯ ಆಕರ್ಷಣೆ ದೊಡ್ಡ ಕಾರಣ. ಆಕೆ ಕಾಲೇಜು ಬಿಟ್ಟ ಮೇಲೆ 2025ರ ಫೈನಲ್‌ನ ವೀಕ್ಷಕರ ಸಂಖ್ಯೆ ಸುಮಾರು 85 ಲಕ್ಷಕ್ಕೆ ಇಳಿಯಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಇದೂ ಒಳ್ಳೆಯ ಸಂಖ್ಯೆಯೇ, ಆದರೆ ಅರ್ಧಕ್ಕಿಂತ ಕಡಿಮೆ.

ಖರ್ಚೂ ಓಡುತ್ತಿದೆ. ಸೌತ್ ಕ್ಯಾರೊಲಿನಾದ ತರಬೇತುದಾರ್ತಿ ಡಾನ್ ಸ್ಟೇಲಿ ಅವರಿಗೆ 2025ರ ಒಪ್ಪಂದದಲ್ಲಿ ವರ್ಷಕ್ಕೆ 40 ಲಕ್ಷ ಡಾಲರ್ ನಿಗದಿಯಾಯಿತು. 2024ರಲ್ಲಿ ಪಶ್ಚಿಮ ಕರಾವಳಿಯ ಸ್ಟಾನ್‌ಫರ್ಡ್ ಅಟ್ಲಾಂಟಿಕ್ ಕರಾವಳಿಯ ಒಕ್ಕೂಟಕ್ಕೆ ಸೇರಿತು. ಇಂಥ ವಲಸೆಗೆ ಮುಖ್ಯ ಕಾರಣ ಹುಡುಗರ ಅಮೆರಿಕನ್ ಫುಟ್‌ಬಾಲ್‌ನ ಟಿ.ವಿ. ಹಣ. ಆದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವ ಖರ್ಚು ಹುಡುಗಿಯರ ತಂಡದ ಖಾತೆಗೂ ಬೀಳುತ್ತದೆ. ಟಿ.ವಿ.ಯಲ್ಲಿ ಕಾಣದ ನೂರಾರು ಸಣ್ಣ ಕಾಲೇಜುಗಳ ತಂಡಗಳಂತೂ ವಿದ್ಯಾರ್ಥಿಗಳ ಶುಲ್ಕ ಮತ್ತು ವಿಶ್ವವಿದ್ಯಾಲಯದ ಅನುದಾನದ ಮೇಲೆಯೇ ನಿಂತಿವೆ.

ಹಳೆಯ ಲೆಕ್ಕ, ಹೊಸ ಹಂಚಿಕೆ

ಈಗಿನ ದೊಡ್ಡ ವಿವಾದ ಆಟಗಾರರಿಗೆ ನೇರವಾಗಿ ಹಣ ಕೊಡುವುದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಂದಾಯವಾಗಬೇಕು. ಜೊತೆಗೆ 2025-26ರಿಂದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ 2.05 ಕೋಟಿ ಡಾಲರ್.

ಹಿಂದಿನವರ ಹಣದಲ್ಲಿ ಸುಮಾರು ಶೇ. 75 ಫುಟ್‌ಬಾಲ್‌ಗೆ, ಶೇ. 15 ಹುಡುಗರ ಬಾಸ್ಕೆಟ್‌ಬಾಲ್‌ಗೆ, ಶೇ. 5 ಹುಡುಗಿಯರ ಬಾಸ್ಕೆಟ್‌ಬಾಲ್‌ಗೆ, ಉಳಿದದ್ದು ಬೇರೆ ಆಟಗಳಿಗೆ ಎಂದು ಲೆಕ್ಕ ಹಾಕಲಾಗಿದೆ. ಹೊಸ ಹಣ ಹಂಚುವಾಗಲೂ ದೊಡ್ಡ ಕಾಲೇಜುಗಳಲ್ಲಿ ಇದೇ ಅಳತೆ ಚರ್ಚೆಗೆ ಬಂತು. ಅದರಂತೆ ನಡೆದರೆ 2.05 ಕೋಟಿಯಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಸುಮಾರು 10 ಲಕ್ಷ ಡಾಲರ್.

ಯಾರು ಎಷ್ಟು ಗಳಿಸಿದರೋ ಅಷ್ಟು ಪಾಲು ಎಂಬುದು ಈ ಹಂಚಿಕೆಯ ಸಮರ್ಥನೆ. ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಗಳಿಕೆಯ ಹಳೆಯ ಅಂಕಿಗಳು ಗಂಟಿನಲ್ಲಿ ಸೇರಿಸಿ ಅಗ್ಗಕ್ಕೆ ಕೊಟ್ಟ ಕಾಲದವು. ಅಂದು ಬೆಲೆ ಕಟ್ಟದೆ ಮಾರಿದ್ದರ ನಷ್ಟವನ್ನು ಇಂದಿನ ಹುಡುಗಿಯರು ಎರಡನೇ ಸಲ ಭರಿಸಬೇಕಾಗಿದೆ. ಇದು ಟೈಟಲ್ ನೈನ್‌ಗೆ ವಿರುದ್ಧ ಎಂದು ಕೆಲವು ಆಟಗಾರ್ತಿಯರು ತೀರ್ಪು ಬಂದ ಕೆಲವೇ ದಿನಗಳಲ್ಲಿ ಮೇಲ್ಮನವಿ ಸಲ್ಲಿಸಿದರು. ಇಂಥ ಪಾವತಿಗೂ ಆ ಕಾನೂನು ಅನ್ವಯಿಸುತ್ತದೆ ಎಂದು ಅಮೆರಿಕಾದ ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತ್ತು. ಸರ್ಕಾರ ಬದಲಾದ ಮೇಲೆ ಫೆಬ್ರವರಿಯಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಲಾಯಿತು.

ಮುಂದೇನು?

ಯೂನಿಟ್ ಹಣ ಮೊದಲು ಸೇರುವುದು ಒಕ್ಕೂಟದ ಖಾತೆಗೆ. ಅದು ಹುಡುಗಿಯರ ತಂಡದವರೆಗೆ ತಲುಪಿತೋ, ದಾರಿಯಲ್ಲಿ ಫುಟ್‌ಬಾಲ್ ಖರ್ಚಿಗೆ ಜಾರಿತೋ ಎಂಬುದನ್ನು ಕಾದು ನೋಡಬೇಕು. ಹುಡುಗರ ಮತ್ತು ಹುಡುಗಿಯರ ಪಂದ್ಯಾವಳಿಗಳ ಟಿ.ವಿ. ಒಪ್ಪಂದಗಳು ಎರಡೂ 2032ರಲ್ಲಿ ಮುಗಿಯುತ್ತವೆ. ಆಗ ಹುಡುಗಿಯರ ಆಟವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಹರಾಜಿಗಿಡುವ ಅವಕಾಶ ಒದಗಲಿದೆ. ಅದು ನಿಜಕ್ಕೂ ಎಷ್ಟು ಬೆಲೆ ಬಾಳುತ್ತದೆ ಎಂಬುದು ಅಂದು ಗೊತ್ತಾಗಬಹುದು. ಅಲ್ಲಿಯವರೆಗೆ ‘ನಷ್ಟ’ ಎಂದು ಬರೆದ ಅಂಕಿಯನ್ನು ನೋಡಿದವರು, ಆ ಲೆಕ್ಕ ಬರೆದವರು ಯಾರು, ಯಾವ ಕಾಲಂ ಖಾಲಿ ಬಿಟ್ಟಿದ್ದಾರೆ ಎಂದು ಒಮ್ಮೆ ಕೇಳುವುದು ಒಳ್ಳೆಯದು.